ಬೆವರಿದವರ ತೂಕ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಗಂಡ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ. ಹಿಂದಿನ ದಿನ ಪಾಳಿ ಮುಗಿಯುವ ಹೊತ್ತಿಗೆ ಫಿಟ್ಸ್ ಬಂದು ಬಿದ್ದವನಿಗೆ ಇನ್ನೂ ಎಚ್ಚರವಾಗಿರಲಿಲ್ಲ.

"ನೀರಲ್ಲಿ ಏನೋ ಬೆರೆಸಿದಾರೆ ಮೇಡಂ. ಜೊತೆ ಕೆಲಸದವನಿಗೂ ಇವರಿಗೂ ಹಾವು ಮುಂಗುಸಿ."

"ನೀರಲ್ಲೇ ಅಂತ ಹೇಗೆ ಹೇಳ್ತೀಯಮ್ಮ?" ಇನ್‌ಸ್ಪೆಕ್ಟರ್ ಕೇಳಿದಳು.

"ಹದಿನೈದು ದಿನದಿಂದ ಕೆಲಸದಿಂದ ಬಂದ್ರೆ ತಲೆನೋವು, ವಾಂತಿ. ರಜೆ ದಿನ ಮಾತ್ರ ಗುಂಡುಕಲ್ಲಿನ ಹಾಗಿರ್ತಾರೆ. ಬುತ್ತಿ ಮನೇದೇ, ಅಲ್ಲಿ ಬಾಯಿಗೆ ಹೋಗೋದು ನೀರೊಂದೇ."

ಹತ್ತೂ ಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಯಲ್ಲಿದ್ದಳು.

"ವಿಷ ಸಿಕ್ಕಿಲ್ಲ," ಎಂದರು ಡಾಕ್ಟರು. "ರಕ್ತದಲ್ಲಿ ಸೋಡಿಯಂ ನೂರಾ ಮೂವತ್ತೈದಾದ್ರೂ ಇರಬೇಕು, ಇವನಿಗೆ ನೂರಾ ಹದಿನೈದು. ಉಪ್ಪು ಕಡಿಮೆಯಾದ್ರೆ ನೀರು ಜೀವಕೋಶದೊಳಗೆ ನುಗ್ಗುತ್ತೆ. ಮಿದುಳು ಊದಿಕೊಂಡಿದೆ."

"ಹಾಗಾದ್ರೆ ಉಪ್ಪು ಕೊಟ್ಟುಬಿಡಿ."

"ಕೊಡ್ತಿದೀವಿ, ಹನಿ ಹನಿಯಾಗಿ. ಅವಸರ ಮಾಡಿದ್ರೆ ಮಿದುಳೇ ಹಾಳಾಗುತ್ತೆ. ನಾಳೆವರೆಗೂ ಏನೂ ಹೇಳಕ್ಕಾಗಲ್ಲ. ಅದಿರಲಿ, ಅಲ್ಲಿ ಬೇರೆಯವರೂ ಅದೇ ನೀರು ಕುಡೀತಿದಾರಾ?"

ಇನ್‌ಸ್ಪೆಕ್ಟರ್ ಹೊರಗೆ ಓಡಿದಳು. ಇವತ್ತಿನ ಪಾಳಿ ಆರಕ್ಕೇ ಶುರುವಾಗಿತ್ತು. ಜೀಪಿನಲ್ಲಿ ಆಕೆ ಮೂರು ಸಲ ಗಡಿಯಾರ ನೋಡಿಕೊಂಡಳು.

ಹನ್ನೆರಡೂ ಕಾಲಿಗೆ ಕಾರ್ಖಾನೆಯ ಒಳಗೆ ಕಾಲಿಡುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಕೆಲಸಗಾರರು ಊದುವ ಕೊಳವೆ ಕೆಳಗಿಟ್ಟು, ಡ್ರಮ್ಮಿನ ಮುಂದೆ ಸಾಲುಗಟ್ಟಿ ಲೋಟ ಚಾಚಿದರು.

"ಕುಡೀಬೇಡಿ! ಯಾರೂ ಕುಡೀಬೇಡಿ!"

ಆಕೆಯ ಕೂಗಿಗೆ ಒಬ್ಬನ ಕೈಯಿಂದ ಲೋಟ ಜಾರಿ ಉರುಳಿತು. ಇಬ್ಬರು ಆಗಲೇ ತಲೆ ಹಿಡಿದುಕೊಂಡು ಗೋಡೆಗೊರಗಿದ್ದರು. ಅವರನ್ನು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿ, ಪಂಚರ ಸಮಕ್ಷಮ ಡ್ರಮ್ಮಿನ ಪಂಚನಾಮೆ ಮಾಡಿ, ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲಾಯಿತು.

ವರ್ಷದ ಹಿಂದೆ ಒಬ್ಬ ಬೆವರಿ ಬೆವರಿ ನೀರು ಸಾಲದೆ ಬಿದ್ದಿದ್ದನಂತೆ. ಅಂದಿನಿಂದ ಕಾಲು ಗಂಟೆಗೊಮ್ಮೆ ಗಂಟೆ. ಬಾಯಾರಲಿ ಬಿಡಲಿ, ಒಂದು ಲೋಟ ಕುಡಿಯಲೇಬೇಕು. ಒಳಗೆ ಹೋಗುವಾಗ, ಹೊರಗೆ ಬರುವಾಗ ತೂಕ ನೋಡಿ ಪುಸ್ತಕದಲ್ಲಿ ಬರೆಯಬೇಕು.

ಜೊತೆ ಕೆಲಸದವನನ್ನು ಕರೆಸಿದರು.

"ಜಗಳ ಇತ್ತಾ?"

"ಇತ್ತು. ಕೊಳವೆಗೆ, ಜಾಗಕ್ಕೆ, ಎಲ್ಲಕ್ಕೂ. ಆದ್ರೆ ಅವನು ಬಿದ್ದಾಗ ಹೊತ್ಕೊಂಡು ಓಡಿದ್ದೂ ನಾನೇ. ಬೇಕಾದ್ರೆ ಕೇಳಿ."

ಹೊಟ್ಟೆ ಮುಂದೆ ಮಾಡಿಕೊಂಡು ಓಡಾಡುವ ಮುಖ್ಯ ಪೇದೆ ತಕ್ಕಡಿಯ ಹತ್ತಿರ ಸುಳಿಯದೆ ತೂಕದ ಪುಸ್ತಕ ಮಾತ್ರ ಎತ್ತಿಕೊಂಡು ಬಂದ. ಪುಟ ತಿರುವುತ್ತ ಅವನ ಹುಬ್ಬು ಮೇಲೇರಿತು.

"ಮೇಡಂ, ಹೋದ ತಿಂಗಳು ಎಲ್ಲರೂ ಅರ್ಧ ಕಿಲೋ ಇಳಿದು ಹೊರಗೆ ಬಂದಿದಾರೆ. ಈ ಹದಿನೈದು ದಿನ ಒಂದೊಂದು ಕಿಲೋ ಏರಿ ಬಂದಿದಾರೆ. ಎಂಟು ಗಂಟೆ ಬೆಂಕಿ ಮುಂದೆ ನಿಂತು ದಪ್ಪ ಆಗೋದಾ? ನನಗೇ ಈ ಯೋಗ ಇಲ್ಲ!"

ತೂಕ ಬರೆಯುವ ಗುಮಾಸ್ತ ನಾಲಿಗೆ ಕಚ್ಚಿಕೊಂಡ. "ಕಾಲಂ ತುಂಬಿದೆಯಾ ಅಂತ ಮಾತ್ರ ನೋಡ್ತಿದ್ದೆ."

ಫೋನಿನಲ್ಲಿ ಡಾಕ್ಟರು ಬಿಡಿಸಿ ಹೇಳಿದರು: ಬೆವರಲ್ಲಿ ಹೋದ ಉಪ್ಪು ವಾಪಸು ಬಂದಿಲ್ಲ, ಕುಡಿದ ನೀರು ಮಾತ್ರ ಮೈಯಲ್ಲೇ ಉಳಿದಿದೆ. ಮೂರೂ ಐದಕ್ಕೆ ಪ್ರಯೋಗಾಲಯದ ವರದಿಯೂ ಬಂತು. ಡ್ರಮ್ಮಿನಲ್ಲಿದ್ದದ್ದು ಬರಿ ನೀರು.

ದಿನಕ್ಕೆ ಹನ್ನೆರಡು ಪೊಟ್ಟಣ ಉಪ್ಪಿನ ಮಿಶ್ರಣ ಡ್ರಮ್ಮಿಗೆ ಸುರಿಯಬೇಕಾದವನು ಎಲ್ಲರೂ ನೀರಣ್ಣ ಎಂದು ಕರೆಯುವ ವಯಸ್ಸಾದ ಕೆಲಸಗಾರ. ಅವನ ಕಪಾಟು ತೆಗೆಸಿದಾಗ ಒಡೆಯದ ಪೊಟ್ಟಣಗಳು ನೀಟಾಗಿ ಜೋಡಿಸಿಟ್ಟ ಹಾಗೇ ಇದ್ದವು. ಅವನು ಓಡಲಿಲ್ಲ, ಅಲ್ಲಗಳೆಯಲೂ ಇಲ್ಲ. ನಾಲ್ಕೂ ನಲವತ್ತಕ್ಕೆ ಬಂಧನ.

"ಯಾಕೆ ಹಾಕಲಿಲ್ಲ?"

"ಉಪ್ಪು ವಿಷ ಮೇಡಂ."

"ಯಾರು ಹೇಳಿದ್ದು?"

"ಡಾಕ್ಟ್ರೇ. ನನ್ನ ಹೆಂಡತಿಗೆ."

ಅವಳ ಮೂತ್ರಪಿಂಡ ಕೈಕೊಟ್ಟು ಮೈಯೆಲ್ಲ ನೀರು ತುಂಬಿಕೊಂಡಿತ್ತು. ಊಟಕ್ಕೆ ಉಪ್ಪು ಸೋಕಿಸಲೇಬಾರದೆಂದು ತಾಕೀತಾಗಿತ್ತು. ಸಪ್ಪೆ ತುತ್ತು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಅಂಗೈ ಚಾಚಿ ಬೇಡ್ಕೊಂಡ್ಲು. ಕದ್ದುಮುಚ್ಚಿ ಒಂದೊಂದು ಚಿಟಿಕೆ ಹಾಕ್ದೆ. ಸತ್ತು ಎರಡು ತಿಂಗಳಾಯ್ತು. ಇಲ್ಲಿ ಹದಿನೆಂಟು ಜನ ದಿನಾ ಲೋಟ ಚಾಚ್ತಾರೆ. ಹೇಗೆ ಹಾಕ್ಲಿ, ನೀವೇ ಹೇಳಿ. ನಾಲಿಗೆಗೆ ಗೊತ್ತಾಗದ ಹಾಗೆ ದಿನಕ್ಕೊಂದು ಪೊಟ್ಟಣ ಕಡಿಮೆ ಮಾಡ್ತಾ ಬಂದು, ಹದಿನೈದು ದಿನದ ಹಿಂದೆ ಪೂರ್ತಿ ನಿಲ್ಲಿಸ್ದೆ."

ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಂಡಳು. ಕೋಪ ಬರಬೇಕಿತ್ತು, ಬರಲಿಲ್ಲ. ಅದಕ್ಕೇ ಆಕೆಗೆ ತನ್ನ ಮೇಲೆ ಸಿಟ್ಟು ಬಂತು.

ಮಾರನೆಯ ದಿನ ಬೆಳಿಗ್ಗೆ ಆರೂ ಐವತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಕುಲುಮೆಯವನು ಕಣ್ಣು ಬಿಟ್ಟು ಹೆಂಡತಿಯ ಗುರುತು ಹಿಡಿದಿದ್ದ. ಸುದ್ದಿ ತಿಳಿಸಲು ಇನ್‌ಸ್ಪೆಕ್ಟರ್ ತಾನೇ ಲಾಕಪ್ಪಿನ ಹತ್ತಿರ ಹೋದಳು. ಮುದುಕ ಸರಳು ಹಿಡಿದು ಎದ್ದು ನಿಂತ.

"ಬದುಕಿದ್ನಾ? ಡಾಕ್ಟ್ರು ಏನು ಕೊಟ್ಟು ಎಬ್ಬಿಸಿದ್ರು ಮೇಡಂ?"

ಸುಮ್ಮನೆ ಔಷಧಿ ಎಂದುಬಿಡಬಹುದಿತ್ತು. ಹಾಗೆನ್ನಲು ಆಕೆಗೆ ಬಾಯಿ ಬರಲಿಲ್ಲ.

"ಉಪ್ಪು," ಎಂದಳು.

ಮುದುಕ ಮೆಲ್ಲಗೆ ಕೆಳಗೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.