ಎರಡು ಗಂಟೆಯ ತೇವ

ಕಂಪನಿ ಸೆನ್ಸರ್ ಒಳ್ಳೆಯದೋ, ನಾನು ಕೈಯಾರೆ ಮಾಡಿದ್ದು ಒಳ್ಳೆಯದೋ ಎಂದು ಕೌಲ್ ಬಜಾರಿನ ನನ್ನ ರಿಪೇರಿ ಅಂಗಡಿಗೆ ಬರುವವರೆಲ್ಲ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಕುರುಗೋಡಿನ ಆ ಮನೆ ನೋಡಿದ ಮೇಲಂತೂ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಆ ಮನೆಯ ಸೊಸೆ ಗೌತಮಿ ಆಸ್ಪತ್ರೆಯಲ್ಲಿ ನರ್ಸ್. ತೀರಿಕೊಂಡ ಅತ್ತೆಯ ಕೋಣೆಯಲ್ಲಿ ಒಣಮೆಣಸಿನಕಾಯಿ ಚೀಲಗಳನ್ನಿಟ್ಟು ಬೀಗ ಹಾಕಿದ್ದರು. ಕೋಣೆಯಲ್ಲಿ ತೇವ ಏರಿದರೆ ಅವರ ಮೊಬೈಲು ಕೂಗುವಂತೆ ನಾನೊಂದು ಸೆನ್ಸರ್ ಮಾಡಿ ಕೂರಿಸಿದ್ದೆ. ಮೇ ತಿಂಗಳ ಉರಿಬಿಸಿಲಿನಲ್ಲೂ ದಿನಾ ಮಧ್ಯಾಹ್ನ ಎರಡಕ್ಕೆ ಮೊಬೈಲು ಕೂಗತೊಡಗಿತು.

"ನೈಟ್ ಡ್ಯೂಟಿ ಮಾಡಿ ಬಂದು ಮಲಗಾಕ ಆಗವಲ್ದರಿ ಅಣ್ಣಾ. ನಿಮ್ಮದು ಬ್ಯಾಡ, ಕಂಪನಿದು ಹಾಕ್ರಿ."

ನಾಚಿಕೆಯಾಗಿ, ಕಂಪನಿಯದನ್ನೂ ನನ್ನದರ ಪಕ್ಕದಲ್ಲೇ ಅಂಟಿಸಿ ಬಂದೆ. ಮರುದಿನ ಎರಡಕ್ಕೆ ಎರಡೂ ಒಟ್ಟಿಗೇ ಕೂಗಿದವು.

ಮತ್ತೆ ಬಸ್ಸು ಹತ್ತಿದೆ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಗೌತಮಿಯೇ ಬೀಗ ತೆಗೆದರು. ಕಡಪ ಕಲ್ಲಿನ ನೆಲವೆಲ್ಲ ಒದ್ದೆಯಾಗಿ ತಣ್ಣಗಿತ್ತು. ಕೋಣೆಯಲ್ಲಿ ನಲ್ಲಿ ಇಲ್ಲ, ಸೂರು ಸೋರಿಲ್ಲ. ನಟ್ಟನಡುವೆ ಆಳುದ್ದದ ಒಂದು ಪಟ್ಟಿ ಮಾತ್ರ ಒಣಗಿತ್ತು. ಮುಟ್ಟಿದೆ, ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು.

"ಬ್ಯಾಸಿಗ್ಯಾಗ ಅತ್ತಿ ಹಿಂಗ ಸುತ್ತ ನೀರು ಚಿಮುಕಿಸಿ, ನಡುವ ಚಾಪಿ ಹಾಸ್ಕೊಂಡು ಮಲಗ್ತಿದ್ರು," ಎಂದರು ಗೌತಮಿ. ದನಿಯಲ್ಲಿ ಭಯಕ್ಕಿಂತ ನಿದ್ದೆಯೇ ಹೆಚ್ಚಿತ್ತು. ನಾನು ಸೆನ್ಸರ್‌ಗಳನ್ನು ಬಿಚ್ಚದೆ ಬಂದುಬಿಟ್ಟೆ.

ನಿನ್ನೆ ಅವರ ಫೋನ್ ಬಂತು.

"ಎರಡೂ ಸೆನ್ಸರ್ ತಗೊಂಡು ಹೋಗ್ರಿ ಅಣ್ಣಾ, ಇನ್ನ ಬ್ಯಾಡ," ಎಂದು ಆಕಳಿಸಿದರು. "ಆ ಒಣ ಜಾಗ ಈಗ ಇಬ್ಬರು ಮಲಗೋವಷ್ಟು ಅಗಲ ಆಗೇತಿ."