ಷಡ್ಡಕನ ಸಾಧು ಜೇಡ

ಷಡ್ಡಕನ ಜೇಡಕ್ಕಿರುವ ಮರ್ಯಾದೆ ತನಗಿಲ್ಲ ಎಂಬುದು ಕನ್ನಡಕದಂಗಡಿಯವನಿಗೆ ಖಚಿತವಾದದ್ದು ಒಂದು ಭಾನುವಾರದ ಊಟದ ಮೇಜಿನಲ್ಲಿ. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ, ಹಲ್ಲಿನ ಡಾಕ್ಟರು. ಆತ ಊಟ ಮುಗಿಸಿ, ಕೈ ತೊಳೆದು ಒರೆಸಿಕೊಂಡು, ತಾನು ಸಾಕಿದ ಟರಾಂಟುಲಾವನ್ನು ಅಂಗೈ ಮೇಲೆ ಬಿಟ್ಟುಕೊಂಡ. ಅಂಗೈಯಗಲದ ಕಪ್ಪು ಜೇಡ, ಎಂಟೂ ಕಾಲಿನ ತುದಿಗೆ ಗುಲಾಬಿ ಬಣ್ಣ, ಹೆಸರು ಪುಟ್ಟಿ. ಅದು ಒಂದು ಕೈಯಿಂದ ಇನ್ನೊಂದು ಕೈಗೆ ನಿಧಾನವಾಗಿ ನಡೆದುಹೋಯಿತು. ಮಗು ಮೊದಲ ಹೆಜ್ಜೆ ಇಟ್ಟ ಹಾಗೆ ಮನೆಯವರೆಲ್ಲ ಸಂಭ್ರಮಪಟ್ಟರು.

"ಎಷ್ಟು ಸಾಧು ನೋಡಿ!" ಎಂದಳು ಕನ್ನಡಕದಂಗಡಿಯವನ ಹೆಂಡತಿ. "ನಮ್ಮನೇಲೂ ಇದಾವೆ. ಮುಚ್ಚಳ ತೆಗೆದ್ರೆ ಸಾಕು, ಮೈಮೇಲೇ ಬರ್ತವೆ. ಯಜಮಾನ್ರನ್ನ ನೋಡಿ ಕಲ್ತಿರ್ಬೇಕು."

ಎಲ್ಲರೂ ನಕ್ಕರು. ಅವನೂ ನಕ್ಕ.

ಮರದ ಮೇಲೆ ಬಾಳುವ ಟರಾಂಟುಲಾಗಳ ವಿಷಯದಲ್ಲಿ ಊರಿಗೆಲ್ಲ ಅವನ ಮಾತೇ ಕೊನೆಯ ಮಾತು. ಜೇಡ ಸಾಕುವವರ ಸಂಘ ಹಂಚುವ ಕೈಪಿಡಿಯನ್ನು ಬರೆದವನೇ ಅವನು. ಯಾವ ಜೇಡದ ಸ್ವಭಾವ ಎಂಥದು, ಯಾವುದನ್ನು ಸಾಕುವುದು ಎಷ್ಟು ಕಷ್ಟ ಎಂದು ಅಳೆದು ತೂಗಿ ದರ್ಜೆ ಕೊಟ್ಟಿದ್ದ. ಪಟ್ಟಿಯ ನೆತ್ತಿಯಲ್ಲಿ, ಬೂದು ಮೈಗೆ ಚಿತ್ತಾರ ಬರೆದಂತಿರುವ ಜೇಡಗಳು: ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆ ಹತ್ತಿ ಮಾಯ, ಕಚ್ಚಿದರೆ ದಿನಗಟ್ಟಲೆ ಸ್ನಾಯು ಹಿಂಡುವ ನೋವು. ಅವುಗಳ ಕೆಳಗೆ ಕಿತ್ತಳೆಪಟ್ಟೆ. ಮಖಮಲ್ಲಿನಂಥ ಕಪ್ಪು ಮೈ, ಕಾಲ ತುದಿಯಲ್ಲಿ ಕಿತ್ತಳೆ ಗೆರೆ, ಸ್ವಭಾವ ಮಾತ್ರ ಬೆಳಗಿನ ಕಾಫಿ ಸಿಗದ ಗುಮಾಸ್ತನದು. ತೀರಾ ತಳದಲ್ಲಿ, ಹೊಸಬರ ಸಾಲಿನಲ್ಲಿ, ಷಡ್ಡಕ ಸಾಕಿದ ಗುಲಾಬಿಪಾದ. "ಗೂಡಿನಲ್ಲಿ ಗಾಳಿ ಆಡಿದರೆ ಬದುಕಿಕೊಳ್ಳುತ್ತದೆ. ಕಚ್ಚುವಷ್ಟು ಸ್ವಾಭಿಮಾನವಿಲ್ಲ. ಹೆದರಿದರೆ ಹಿಂಭಾಗ ಎತ್ತಿ ಹಿಕ್ಕೆಯ ಪಿಚಕಾರಿ ಹೊಡೆಯುತ್ತದೆ, ನಾವು ಸಾಕುವ ಬೇರಾವ ಜೇಡವೂ ಇಷ್ಟು ಕೀಳುಮಟ್ಟಕ್ಕೆ ಇಳಿಯುವುದಿಲ್ಲ" ಎಂದು ಬರೆದಿದ್ದ. ಷಡ್ಡಕನ ಬಿಳಿ ಏಪ್ರನ್ನಿನ ಮೇಲೆ ಸದಾ ಒಂದೆರಡು ಕಲೆ ಇರುತ್ತಿದ್ದುದು ಇದಕ್ಕೇ.

ತಾನು ಈವರೆಗೆ ಒಂದು ಜೇಡವನ್ನೂ ಬರಿಗೈಯಲ್ಲಿ ಮುಟ್ಟಿಲ್ಲ ಎಂಬುದು ಅವನ ಹೆಮ್ಮೆಯಾಗಿತ್ತು. ಕಚ್ಚುವ ಜೇಡ ಸಾಕುವುದಕ್ಕೆ ತಲೆ ಬೇಕು, ಗುಲಾಬಿಪಾದ ಸಾಕುವುದಕ್ಕೆ ಅಂಗೈ ಇದ್ದರೆ ಸಾಕು. ಜನಕ್ಕೆ ಮಾತ್ರ ಅಂಗೈಯೇ ಬೇಕು. ಏನು ಮಾಡುವುದು!

ಹೀಗಿರುವಾಗ ಸಂಘದ ಕಾರ್ಯದರ್ಶಿ ಫೋನು ಮಾಡಿದ. "ಈ ಸಲದ ಪ್ರದರ್ಶನದಲ್ಲಿ ಮುಖ್ಯ ಭಾಷಣ ಡಾಕ್ಟ್ರದ್ದು. 'ಪ್ರೀತಿ ಕೊಟ್ಟರೆ ಯಾವ ಜೇಡವೂ ಸಾಧು' ಅಂತ ವಿಷಯ. ಕೈಪಿಡಿಯ ಹೊಸ ಮುದ್ರಣದ ಬಗ್ಗೆನೂ ಅವ್ರೇ ಏನೋ ಹೇಳ್ತಾರಂತೆ."

ಕೈಪಿಡಿ ಕೈತಪ್ಪಿತು ಎಂದು ಅವನಿಗೆ ಅರ್ಥವಾಯಿತು. ಬದುಕಿಡೀ ಗಾಜಿನ ಈಚೆ ಕೂತು ನೋಡಿ, ಕಾದು, ತೂಗಿ ಬರೆದದ್ದನ್ನೆಲ್ಲ ಪ್ರೀತಿ ಎಂಬ ಒಂದೇ ಪದದಿಂದ ಒರೆಸಿಹಾಕುವುದೆ? ಹಾಗಾದರೆ ಪ್ರೀತಿಗೆ ಒಂದು ಪರೀಕ್ಷೆ ಆಗಲೇಬೇಕು. ಪುಟ್ಟಿಯ ಗೂಡಿನಲ್ಲಿ ಪುಟ್ಟಿಯ ಬದಲು ಕಿತ್ತಳೆಪಟ್ಟೆ ಇರಲಿ. ಡಾಕ್ಟರು ತುಂಬಿದ ಸಭೆಯಲ್ಲಿ ಪ್ರೀತಿಯಿಂದ ಕೈ ಹಾಕಲಿ. ಪ್ರಾಣಕ್ಕೇನೂ ಅಪಾಯವಿಲ್ಲ. ಕೈ ಬಾತುಕೊಂಡು, ಉರಿದು, ಕೆಲವು ದಿನ ಊರಿನ ಹಲ್ಲುಗಳಿಗೆ ಬಿಡುವು ಸಿಗುತ್ತದೆ, ಅಷ್ಟೆ. ಇದನ್ನು ಅಪರಾಧ ಎಂದು ಅವನು ಒಮ್ಮೆಯೂ ಅಂದುಕೊಳ್ಳಲಿಲ್ಲ. ಇದು ಪ್ರಯೋಗ.

ಯೋಜನೆಯ ಸೊಗಸು ಇದ್ದದ್ದು ಅದರ ಬಾಲದಲ್ಲಿ. ಕಚ್ಚಿದ ಮೇಲೆ ಎಲ್ಲರೂ ಡಾಕ್ಟರನ್ನು ಸುತ್ತುವರಿಯುತ್ತಾರೆ. ಗೂಡಿನ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರುವುದಿಲ್ಲ. ಆಗ ತಜ್ಞನಾದ ತಾನು ಮುಂದೆ ಬಂದು, ಗೂಡನ್ನು ಹಿಂದಿನ ಕೋಣೆಗೆ ಒಯ್ದು, ಪುಟ್ಟಿಯನ್ನು ವಾಪಸ್ಸು ಅದರಲ್ಲಿಟ್ಟರೆ ಮುಗಿಯಿತು. ಪುಟ್ಟಿಯೇ ಕಚ್ಚಿತು ಎಂದು ಊರೆಲ್ಲ ನಂಬುತ್ತದೆ. ಗುಲಾಬಿಪಾದ ಕಚ್ಚುವುದಿಲ್ಲ ಎಂದು ತಾನೇ ಬರೆದಿರುವ ತೊಡಕಿಗೂ ಉತ್ತರವಿತ್ತು: ಅತಿಯಾದ ಮುದ್ದು ಜೇಡದ ಸ್ವಭಾವವನ್ನು ಕೆಡಿಸುತ್ತದೆ ಎಂದು ಒಂದು ಸಾಲು ಸೇರಿಸಿದರಾಯಿತು.

ಇನ್ನು ಬಣ್ಣ. ಕಿತ್ತಳೆಯನ್ನು ಗುಲಾಬಿಯೆಂದು ನಂಬಿಸುವುದು ಬೇರೆಯವರಿಗಾದರೆ ತಲೆನೋವು, ಬಣ್ಣದ ಗಾಜು ಮಾರಿಯೇ ಕೂದಲು ನರೆತವನಿಗೆ ನೀರು ಕುಡಿದ ಹಾಗೆ. ವೇದಿಕೆಯ ದೀಪದ ವ್ಯವಸ್ಥೆ ತನಗಿರಲಿ ಎಂದು ತಾನಾಗಿಯೇ ಕೇಳಿ ಪಡೆದ. ಮನೆಯಲ್ಲಿ ದೀಪಕ್ಕೆ ಒಂದೊಂದೇ ಬಣ್ಣದ ಹಾಳೆ ಹೊದಿಸಿ ನೋಡಿ, ಕೊನೆಗೆ ಕಿತ್ತಳೆ ಗೆರೆಯನ್ನು ನಾಚಿದ ಕೆನ್ನೆಯಷ್ಟು ಗುಲಾಬಿ ಮಾಡುವ ಹಾಳೆಯನ್ನು ಆರಿಸಿಕೊಂಡ.

"ಏನ್ರೀ ಇದು, ಮದುವೆ ಮನೆ ಥರ?" ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ಜೇಡಗಳಿಗೆ ಕಣ್ಣು ಕುಕ್ಕಬಾರ್ದು ಅಂತ."

"ಜೇಡದ ಕಣ್ಣಿನ ಮೇಲೆ ಏನು ಕಾಳಜಿ! ನನ್ನ ಕನ್ನಡಕದ ಕಡ್ಡಿ ಮುರಿದು ಎಷ್ಟು ದಿನ ಆಯ್ತು ಹೇಳಿ."

ಅವನು ದೀಪ ಆರಿಸಿದ.

ಮರಜೇಡಗಳು ತೊಗಟೆಗೆ ಅಂಟಿಸಿಕೊಂಡು ರೇಷ್ಮೆಯ ಕೊಳವೆ ನೇಯ್ದು ಅದರಲ್ಲೇ ಇರುತ್ತವೆ; ಕೊಳವೆಯ ಬಾಯಲ್ಲಿ ಕಾಣುವುದು ಕಾಲ ತುದಿಗಳಷ್ಟೆ. ಅವನು ಪುಟ್ಟಿಯ ಗೂಡಿನಲ್ಲಿರುವಂಥದೇ ತೊಗಟೆ ಹುಡುಕಿ, ಕಿತ್ತಳೆಪಟ್ಟೆಯ ಡಬ್ಬಿಯಲ್ಲಿಟ್ಟು, ಅದು ಕೊಳವೆ ನೇಯುವವರೆಗೆ ತಾಳ್ಮೆಯಿಂದ ಕಾದ. ಕಾಯುವುದು ಅವನಿಗೆ ಹೊಸದಲ್ಲ. ಕನ್ನಡಕ ಆರಿಸಲು ಬರುವ ಗಿರಾಕಿಗಳನ್ನು ಕಂಡವನು ಜೇಡಕ್ಕೆ ಬೇಸರಪಡುವುದಿಲ್ಲ.

ಪ್ರದರ್ಶನದ ದಿನ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಕೈಪಿಡಿ ಬರೆದವನು ವೇದಿಕೆಯ ಮೇಲೆ ಕೂರಬೇಕಲ್ಲ, ಕರಿ ಕೋಟು ಹಾಕಿಕೊಂಡು ಬಂದಿದ್ದ. ಗೂಡುಗಳಿದ್ದ ಹಿಂದಿನ ಕೋಣೆಯ ಬೀಗದ ಕೈ ಅವನ ಹತ್ತಿರವೇ. ಗೂಡುಗಳಿಗೆ ನೀರು ಸಿಂಪಡಿಸುವ ಹೊಣೆ ಪ್ರತಿ ವರ್ಷವೂ ಅವನದು. ಎಲ್ಲರೂ ಊಟಕ್ಕೆ ಹೋದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೈಗವಸು ತೊಟ್ಟ. ಕಿತ್ತಳೆಪಟ್ಟೆಯ ತೊಗಟೆಯನ್ನು ಮೇಜಿನ ಮೇಲಿಟ್ಟ. ಅದರ ಕೊಳವೆಯ ಬಾಯಿಗೆ ಹತ್ತಿ ತುರುಕಿದ್ದ. ಪುಟ್ಟಿಯ ತೊಗಟೆಯನ್ನು ಹೊರಗೆಳೆದಾಗ ಪುಟ್ಟಿ ಕೊಳವೆ ಬಿಟ್ಟು ಗೂಡಿನ ಗೋಡೆಗೆ ಅಂಟಿಕೊಂಡಿತು. ಬಗ್ಗಿ, ಖಾಲಿ ಡಬ್ಬಿಯೊಂದನ್ನು ಅದರ ಮುಂದೆ ಹಿಡಿದು, ಮಸೂರ ಒರೆಸುವ ಮೆತ್ತನೆಯ ಕುಂಚದಿಂದ ಅದರ ಹಿಂಗಾಲನ್ನು ಮುಟ್ಟಿದ. ಕಣ್ಣು ಮಾತ್ರ ಮೇಜಿನ ಮೇಲಿನ ಹತ್ತಿಯನ್ನೇ ಕಾಯುತ್ತಿತ್ತು, ಅಪಾಯವಿದ್ದದ್ದು ಅಲ್ಲಿ. ಪುಟ್ಟಿ ಒಂದು ಗಳಿಗೆ ತಡೆದು ನಿಂತು, ಆಮೇಲೆ ಸದ್ದಿಲ್ಲದೆ ಡಬ್ಬಿಯೊಳಕ್ಕೆ ನಡೆಯಿತು. ಸ್ವಾಭಿಮಾನವಿಲ್ಲ ಎಂದು ಬರೆದದ್ದು ಎಷ್ಟು ಸರಿ ಎಂದುಕೊಂಡ.

ಹೊಸ ತೊಗಟೆಯನ್ನು ಗೂಡಿನಲ್ಲಿ ನಿಲ್ಲಿಸಿ, ಹತ್ತಿಯನ್ನು ಚಿಮಟದಿಂದ ಕಿತ್ತು, ಮುಚ್ಚಳ ಹಾಕಿದ. ಪುಟ್ಟಿಯ ಡಬ್ಬಿ, ತೊಗಟೆ ಎರಡೂ ಕೈಚೀಲ ಸೇರಿದವು. ತೋಳಿಗಂಟಿದ ರೇಷ್ಮೆಯ ಎಳೆಗಳನ್ನು ಆರಿಸಿ ತೆಗೆದ. ಮೇಜು ಒರೆಸಿದ. ಮುಂಗೈ, ಮೊಣಕಾಲು, ಬೂಟು, ಹೀಗೆ ತನ್ನ ಕಣ್ಣಿಗೆ ಬೀಳುವ ಮೈಯನ್ನೆಲ್ಲ ತಪಾಸಣೆ ಮಾಡಿ, ಕೈಚೀಲವನ್ನೂ ನೀರಿನ ಡಬ್ಬವನ್ನೂ ಹಿಡಿದು ಹೊರಗೆ ಬಂದ.

ಭಾಷಣಕ್ಕೆ ನಿಂತ ಡಾಕ್ಟರು ಗಂಟಲು ಸರಿಮಾಡಿಕೊಂಡರು. ಪಕ್ಕದ ಮೇಜಿನ ಮೇಲೆ, ಗುಲಾಬಿ ಬೆಳಕಿನಲ್ಲಿ, ಗೂಡು. ಕೊಳವೆಯ ಬಾಯಲ್ಲಿ ನಾಲ್ಕು ಗುಲಾಬಿ ತುದಿಗಳು.

"ಪ್ರೀತಿ ಅಂತ ವಿಷಯ ಇಟ್ಟಿದ್ದು ಕಾರ್ಯದರ್ಶಿಗಳು, ಜನ ಬರ್ಲಿ ಅಂತ. ನನಗೆ ಜೇಡದ ಬಗ್ಗೆ ಗೊತ್ತಿರೋದೆಲ್ಲ ನಮ್ಮ ಭಾವನ ಕೈಪಿಡಿಯಿಂದ. ಅದರ ಹೊಸ ಮುದ್ರಣನ ನಾನೇ ಮಾಡಿಸ್ತಿದೀನಿ. ಒಂದಕ್ಷರನೂ ಬದಲಾಯ್ಸಲ್ಲ, ಬಣ್ಣದ ಚಿತ್ರ ಅಷ್ಟೇ ಜಾಸ್ತಿ. ಮುಖಪುಟಕ್ಕೆ ಭಾವನ ಫೋಟೊ ಬೇಕು, ಅಂಗೈ ಮೇಲೆ ಪುಟ್ಟಿ ಇರೋ ಥರ. ಬನ್ನಿ ಭಾವ, ನೀವೇ ಎತ್ಕೊಳ್ಳಿ."

ಚಪ್ಪಾಳೆ ಬಿತ್ತು. ಫೋಟೊದವನು ಮುಂದೆ ಬಂದ. ಕನ್ನಡಕದಂಗಡಿಯವನು ಎದ್ದು ನಿಂತನೇನೋ ಸರಿ, ಕಾಲು ಮುಂದೆ ಹೋಗಲಿಲ್ಲ. ಕೈ ಹಾಕಿದರೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಕೈಪಿಡಿಯನ್ನು ಅವನಷ್ಟು ನಂಬಿದವರು ಆ ಸಭೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಹೋಗ್ರೀ, ಕಚ್ಚಲ್ಲ ಅಂತ ನೀವೇ ಬರ್ದಿದೀರಲ್ಲ!" ಎಂದು ಮುಂದಿನ ಸಾಲಿನಿಂದ ಹೆಂಡತಿ ಕೂಗಿದಳು. ಸಭೆ ನಕ್ಕಿತು.

"ಪರವಾಗಿಲ್ಲ ಭಾವ, ನಾನೇ ಎತ್ತಿ ಕೊಡ್ತೀನಿ" ಎಂದು ಷಡ್ಡಕ ಮುಚ್ಚಳ ತೆಗೆದು ಕೈಯಿಳಿಸಿದ.

ಅಂದುಕೊಂಡದ್ದು ಅಂದುಕೊಂಡ ಹಾಗೆಯೇ ನಡೆಯುವುದರಲ್ಲಿತ್ತು. ಆದರೆ ಅವನು "ಬೇಡ! ಕೈ ತೆಗಿ!" ಎಂದು ಹಾರಿ ಹೋಗಿ ಷಡ್ಡಕನ ಮಣಿಕಟ್ಟು ಹಿಡಿದೆಳೆದು, ಮುಚ್ಚಳ ಬಡಿದ. ಅದು ಷಡ್ಡಕನ ಮೇಲಿನ ಕರುಣೆಯೋ ಮುಖಪುಟದ ಆಸೆಯೋ ಅವನಿಗೂ ತಿಳಿಯಲಿಲ್ಲ.

"ಯಾಕೆ ಭಾವ?"

"ಅದು... ಇವತ್ತು ಸರಿಯಾಗಿಲ್ಲ. ಪೊರೆ ಬಿಡೋ ಕಾಲ ಇರ್ಬೇಕು. ಈಗ ಮುಟ್ಟಿದ್ರೆ ಅದಕ್ಕೇ ಅಪಾಯ."

"ನನಗೆ ಗೊತ್ತೇ ಆಗ್ಲಿಲ್ವಲ್ಲ! ಬೆಳಿಗ್ಗೆ ಹತ್ತಿರದಿಂದ ನೋಡಿದ್ರಾ?"

"ಇಲ್ಲಪ್ಪ! ಅದರ ಹತ್ತಿರಾನೂ ಹೋಗಿಲ್ಲ. ನೀರು ಕೂಡ ದೂರದಿಂದ್ಲೇ ಸಿಂಪಡಿಸ್ದೆ. ದೂರದಿಂದ್ಲೇ ಗೊತ್ತಾಗುತ್ತೆ ನಂಗೆ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಡಾಕ್ಟರ ಕಣ್ಣು ಒದ್ದೆಯಾಯಿತು. ಪುಟ್ಟಿಯ ಜೀವ ಉಳಿಸಿದ ಮಹಾನುಭಾವ ಎಂದು ಕಾರ್ಯದರ್ಶಿ ಮೈಕಿನಲ್ಲಿ ಘೋಷಿಸಿದ. ಚಹಾದ ಹೊತ್ತಿಗೆ ಗೂಡು ಹಿಂದಿನ ಕೋಣೆಗೆ ಹೋಗುತ್ತದೆ, ಎರಡು ಜೇಡಗಳೂ ತಂತಮ್ಮ ಮನೆ ಸೇರುತ್ತವೆ, ಯಾರಿಗೂ ಏನೂ ತಿಳಿಯುವುದಿಲ್ಲ. ಇಂಥ ಅದೃಷ್ಟವನ್ನು ಅವನು ತನ್ನ ಯೋಜನೆಯಲ್ಲಿ ಸೇರಿಸಿಯೇ ಇರಲಿಲ್ಲ. ಮೊದಲ ಬಾರಿಗೆ ಅವನಿಗೆ ಷಡ್ಡಕನ ಮೇಲೆ ಪ್ರೀತಿ ಉಕ್ಕಿತು.

ಜೇಡವಿಲ್ಲದಿದ್ದರೂ ಪರವಾಗಿಲ್ಲ, ಅಣ್ಣತಮ್ಮಂದಿರ ಹಾಗೆ ಇಬ್ಬರದೂ ಒಂದು ಫೋಟೊ ಆಗಲಿ ಎಂದರು ಯಾರೋ. ಅವನು ಎದೆಯುಬ್ಬಿಸಿ ಮೈಕಿನ ಪಕ್ಕ ನಿಂತ. ಕೋಟು ಸರಿಮಾಡಲು ನಾದಿನಿ ವೇದಿಕೆ ಹತ್ತಿ ಬಂದಳು. ಗಂಡನ ಏಪ್ರನ್ನುಗಳನ್ನು ವರ್ಷಗಳಿಂದ ತಿಕ್ಕಿ ತೊಳೆದವಳು ಅವಳು. ಅವನ ಗಲ್ಲದ ಕೆಳಗೆ, ಕರಿ ಕೋಟಿನ ಕಾಲರಿನ ಮೇಲೆ, ಎಷ್ಟು ಬಗ್ಗಿದರೂ ಅವನಿಗೆ ಕಾಣದ ಜಾಗದಲ್ಲಿ, ಸುಣ್ಣದ ನೀರು ಚಿಮ್ಮಿದಂಥ ಒಂದು ಬಿಳಿ ಗೆರೆ ಇತ್ತು. ಅವಳು ಬೆರಳಿನಿಂದ ಮುಟ್ಟಿ ನೋಡಿದಳು. "ಇನ್ನೂ ಹಸಿ ಇದೆ" ಎಂದಳು. "ಹತ್ತಿರಾನೇ ಹೋಗಿಲ್ಲ ಅಂದ್ರಲ್ಲ ಭಾವ, ಮತ್ತೆ ಪುಟ್ಟಿ ನಿಮ್ಮ ಮೇಲೆ ಪಿಚಕಾರಿ ಹೊಡ್ದಿದ್ದು ಯಾವಾಗ?" ಮೈಕು ಆ ಮಾತನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು. ಅಲ್ಲಿದ್ದವರೆಲ್ಲ ಅವನ ಕೈಪಿಡಿಯನ್ನು ಓದಿದವರೇ. ಆ ಕೆಲಸ ಯಾವ ಜೇಡದ್ದೆಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಡಾಕ್ಟರು ದೀಪಕ್ಕೆ ಹೊದಿಸಿದ್ದ ಹಾಳೆಯನ್ನು ಮೆಲ್ಲಗೆ ಕಿತ್ತು, ಬಿಳಿ ಬೆಳಕಿನಲ್ಲಿ ಕೊಳವೆಯ ಬಾಯನ್ನು ನೋಡಿದರು. ಆಮೇಲೆ ಭಾವನ ಕುರ್ಚಿಯ ಕೆಳಗಿದ್ದ ಕೈಚೀಲದ ಕಡೆ ತಿರುಗಿದರು.