ಜಾನಕಮ್ಮನ ಕಟ್ಟು

“ಕಟ್ಟು ಮಾತ್ರ ಬಿಚ್ಬೇಡಿ ಮಾರಾಯ್ರೆ,” ಎಂದ ಐತ, ದನಿ ತಗ್ಗಿಸಿ.

ಸುಶಮೀಂದ್ರ ನಕ್ಕ. ಬೇಕಾದ ಒಂದು ಸಂಚಿಕೆಗಾಗಿ ಬೇಡದ ಹನ್ನೊಂದನ್ನೂ ತಲೆಗೆ ಕಟ್ಟುವ ಹಳೆಪುಸ್ತಕದವರ ಆಟ ಅವನಿಗೆ ಹೊಸದಲ್ಲ. ಚೆನ್ನೈನ ಪ್ಯಾರೀಸ್ ಕಾರ್ನರಿನ ಹಿಂದಿನ ಓಣಿಯ ಈ ಅಂಗಡಿಯಷ್ಟೇ ಹೊಸದು. ಹೋಟೆಲ್ ಕೆಲಸ ಬಿಟ್ಟು ಪುಸ್ತಕ ಮಾರಲು ಕೂತಿದ್ದ ಐತ, ಕೆಂಪು ನೂಲು ಸುತ್ತಿದ ಆ ಕಂತೆಯನ್ನು ಮುಟ್ಟಲೂ ಹೆದರಿ ಕೋಲಿನಿಂದ ಮುಂದೆ ತಳ್ಳಿದ.

“ನೀವು ತಿಳ್ಕೊಂಡ ಕಟ್ಟಲ್ಲ. ಮಂತ್ರವಾದಿ ಹಾಕಿದ ಕಟ್ಟು. ಇದು ಮೊದ್ಲು ಇದ್ದದ್ದು ಜಾನಕಮ್ಮ ಅಂತ ಒಬ್ರ ಹತ್ರ, ತನ್ನ ಪುಸ್ತಕ ಇನ್ನೊಬ್ರು ಓದಿದ್ರೆ ಸಹಿಸ್ತಿರ್ಲಿಲ್ಲ. ಸಾಯುವ ಮೊದ್ಲು ತನ್ನ ಕಣ್ಣನ್ನೇ ಇದಕ್ಕೆ ಕಟ್ಟಿಸಿದ್ದಾರೆ. ಬಿಚ್ಚಿದವರ ಕಣ್ಣಿಂದ ಅವ್ರು ಓದ್ತಾರೆ.”

“ಓದ್ಲಿ ಬಿಡಪ್ಪಾ. ಕನ್ನಡಕ ಮಾತ್ರ ನಾನು ಕೊಡಲ್ಲ.”

ಅವನಿಗೆ ಬೇಕಾಗಿದ್ದದ್ದು ‘ನಂದಾವರ್ತ’ ಮಾಸಪತ್ರಿಕೆಯ ಮೊಟ್ಟಮೊದಲ ಸಂಚಿಕೆ. ಮೇಲಿನ ಮನೆಯ ಉಪೇಂದ್ರನಿಗೂ ಅದೊಂದೇ ಬಾಕಿ. ಪೆರುಂಗುಡಿಯ ಒಂದೇ ಆಫೀಸು, ಇಬ್ಬರಿಗೂ ಒಂದೇ ಹುಚ್ಚು. ಆದರೆ ಅಪರೂಪದ್ದೆಲ್ಲ ಮೊದಲು ಸಿಗುತ್ತಿದ್ದದ್ದು ಉಪೇಂದ್ರನಿಗೇ. ಅವನು ಹೊಸದೊಂದನ್ನು ತೋರಿಸಿದಾಗಲೆಲ್ಲ ಸುಶಮೀಂದ್ರ ಬಾಯಲ್ಲಿ ‘ಭೇಷ್’ ಎಂದು, ಮನೆಗೆ ಬಂದು ಊಟ ಬಿಡುತ್ತಿದ್ದ. ಹೊಟ್ಟೆಕಿಚ್ಚಿಗೆ ಅನ್ನ ಸೇರುವುದಿಲ್ಲ ನೋಡಿ.

ಕಂತೆ ಕೊಂಡು ಮನೆಗೆ ಬಂದಾಗ ಮಟಮಟ ಮಧ್ಯಾಹ್ನ. ಕೋಣೆಯ ಬಾಗಿಲು ಹಾಕಿಕೊಂಡು ನೂಲು ಕತ್ತರಿಸಿದ. ಗೆದ್ದಲು ಮಣ್ಣಿನ ವಾಸನೆಯ ಜೊತೆ ನಶ್ಯದ ಘಾಟು ಮೂಗಿಗೆ ಅಡರಿತು. ಮೊದಲ ಸಂಚಿಕೆ ತೆರೆದ. ಮೊದಲ ಸಾಲಿಗೆ ಕಣ್ಣು ಹಾಯಿಸಿದ್ದೇ ತಡ, ಸಾಲು ಅಳಿಸಿಹೋಯಿತು. ಎರಡನೆಯದೂ. ಕಿವಿಯ ಪಕ್ಕ ಯಾರೋ ಬೆರಳಿಗೆ ಉಗುಳು ಹಚ್ಚಿಕೊಂಡ ಸದ್ದು. ಪುಟದ ಮೂಲೆ ಒದ್ದೆಯಾಯಿತು. ತಾನಾಗಿ ಮಗುಚಿತು.

ಕಣ್ಣು ಮುಚ್ಚಲು ನೋಡಿದ. ರೆಪ್ಪೆ ಮಾತು ಕೇಳಲಿಲ್ಲ. ಗುಡ್ಡೆಗಳು ತಾವಾಗಿ ಎಡದಿಂದ ಬಲಕ್ಕೆ ಓಡಿದವು. ಪುಟ ಮಗುಚಿದಂತೆಲ್ಲ ಕೋಣೆಯ ಬೆಳಕು ಕುಗ್ಗಿತು. ಗೋಡೆ ಹೋಯಿತು. ಕಿಟಕಿ ಹೋಯಿತು. ತಡಕಾಡಿ ಐತನಿಗೆ ಫೋನು ಹಚ್ಚಿದ.

“ಬಿಚ್ಚಿದ್ರಾ!” ಐತ ಕೂಗಿಕೊಂಡ. “ಒಂದೇ ದಾರಿ ಉಂಟು. ಅದಕ್ಕೆ ಆಸೆಪಟ್ಟವರು ಬಂದು ಕೇಳಿದ್ರೆ ಕೊಟ್ಬಿಡಿ. ಕೊಟ್ಟ ಕೂಡ್ಲೆ ಕಟ್ಟು ಹರೀತದೆ. ಅವರಿಗೆ ಏನೂ ಆಗುದಿಲ್ಲ. ಅಕ್ಷರವೂ ವಾಪಸ್ ಬರ್ತದೆ, ನಿಮ್ಮ ಕಣ್ಣೂ ಉಳೀತದೆ. ಕೊನೇ ಪುಟಕ್ಕೆ ಮೊದ್ಲು ಕೊಡ್ಬೇಕು!”

ಬಾಗಿಲು ಬಡಿದ ಸದ್ದು. ದೇವರೇ ಕಳಿಸಿದ ಹಾಗೆ ಉಪೇಂದ್ರ ಬಂದಿದ್ದ.

“ಏನ್ ಡಾ, ಪ್ಯಾರೀಸ್‌ಗೆ ಹೋಗಿದ್ಯಂತೆ? ಫಸ್ಟ್ ಇಷ್ಯೂ ಸಿಕ್ತಾ? ನಂಗೆ ಕೊಟ್ಬಿಡೋ, ಪ್ಲೀಸ್. ಅದೊಂದೇ ಬಾಕಿ.”

ಇನ್ನೆರಡು ಪುಟ. ಕೊಡು, ಕೊಡು ಎಂದು ಜೀವ ಬಡಿದುಕೊಂಡಿತು. ತೆರೆದ ಪತ್ರಿಕೆ ಹಿಡಿದೇ ಎದ್ದ. ಬಾಗಿಲ ಚಿಲಕಕ್ಕೆ ಕೈ ಹಾಕಿದ. ಆಗ ಮನಸ್ಸಿಗೆ ಬಂತು ಉಪೇಂದ್ರನ ಗಾಜಿನ ಕಪಾಟು. ತುಂಬಿದ ಸಾಲು. ಅದರ ಮುಂದೆ ನಿಂತ ಅವನ ನಗು. ಚಿಲಕದಿಂದ ಕೈ ತೆಗೆದ.

ಒಂದೇ ಪುಟ.

“ಸಿಗಲಿಲ್ಲ ಕಣೋ,” ಎಂದ ಸುಶಮೀಂದ್ರ, ಒಳಗಿನಿಂದಲೇ.

ಕೊನೆಯ ಪುಟ ಮಗುಚಿತು. ನಡು ಮಧ್ಯಾಹ್ನ ಕತ್ತಲಾಯಿತು. ಬೋಳು ಹಾಳೆಗಳನ್ನು ಎದೆಗೆ ಅವಚಿಕೊಂಡು, ಉಪೇಂದ್ರನ ಹೆಜ್ಜೆ ಮೆಟ್ಟಿಲೇರಿ ಹೋಗುವುದನ್ನು ಅವನು ಕೇಳುತ್ತ ನಿಂತ. ಆಮೇಲೆ ಸಮಾಧಾನದ ಉಸಿರು ಬಿಟ್ಟ. ಅವನಿಗೂ ಸಿಗಲಿಲ್ಲ.